ಸೆನೆಕಾ ಫಾಲ್ಸ್ ಸಮಾವೇಶ, 1848: ಆಸ್ತಿ ಆಕೆಯದಾದರೆ ಕೂಲಿ ಯಾರದು?

ದಾವಣಗೆರೆಯ ನಮ್ಮ ಓದಿನ ಗುಂಪಿನಲ್ಲಿ ಮಹಿಳಾ ಹಕ್ಕುಗಳ ಚಳವಳಿಯ ಅಧ್ಯಾಯವನ್ನು ಹಂಚಿಕೊಂಡಾಗ ಸೆನೆಕಾ ಫಾಲ್ಸ್ ಸಮಾವೇಶ ನನ್ನ ಪಾಲಿಗೆ ಬಂತು. ಓದಲು ಕುಳಿತ ನಾಲ್ಕನೆಯ ದಿನವೂ ಒಂದೇ ಜಾಗದಲ್ಲಿ ಸಿಕ್ಕಿಕೊಂಡಿದ್ದೆ. ಆ ಗಂಟು ಬಿಚ್ಚಿದ ಬಗೆ ಮರೆಯುವ ಮುನ್ನ ಜೊತೆಯ ಓದುಗರಿಗಾಗಿ ಬರೆದಿಡುತ್ತಿದ್ದೇನೆ.

ಘಟನೆಯ ಹಂದರ ಸುಲಭವಾದದ್ದು. 1848ರ ಜುಲೈ 19 ಮತ್ತು 20ರಂದು ನ್ಯೂಯಾರ್ಕ್ ರಾಜ್ಯದ ಸೆನೆಕಾ ಫಾಲ್ಸ್ ಎಂಬ ಊರಿನ ವೆಸ್ಲಿಯನ್ ಚಾಪೆಲ್‌ನಲ್ಲಿ ಸುಮಾರು 300 ಜನ ಸೇರಿದರು. ಅದಕ್ಕೆ ಹತ್ತು ದಿನ ಮೊದಲು, ಜುಲೈ 9ರಂದು, ವಾಟರ್‌ಲೂ ಎಂಬ ಪಕ್ಕದ ಊರಿನಲ್ಲಿ ಜೇನ್ ಹಂಟ್ ಅವರ ಮನೆಯಲ್ಲಿ ಚಹಾಕ್ಕೆ ಕೂಡಿದ್ದ ಐವರು ಮಹಿಳೆಯರು ಈ ಸಭೆಯನ್ನು ನಿಶ್ಚಯಿಸಿದ್ದರು. ಎಲಿಜಬೆತ್ ಕೇಡಿ ಸ್ಟ್ಯಾಂಟನ್, ಲುಕ್ರೀಷಿಯಾ ಮಾಟ್, ಮಾರ್ಥಾ ರೈಟ್, ಮೇರಿ ಆನ್ ಮೆಕ್ಲಿಂಟಾಕ್ ಮತ್ತು ಆತಿಥ್ಯ ನೀಡಿದ ಜೇನ್ ಹಂಟ್ ಅವರೇ ಆ ಐವರು. 1840ರಲ್ಲಿ ಲಂಡನ್ನಿನ ಗುಲಾಮಗಿರಿ ವಿರೋಧಿ ಸಮ್ಮೇಳನದಲ್ಲಿ ಮಹಿಳೆಯರಿಗೆ ಪ್ರತಿನಿಧಿಗಳ ಸ್ಥಾನ ನಿರಾಕರಿಸಿದಾಗ ಮಾಟ್ ಮತ್ತು ಸ್ಟ್ಯಾಂಟನ್ ಅವರ ಪರಿಚಯವಾಗಿತ್ತು. ಸಮಾವೇಶದ ಘೋಷಣೆಯ ಕರಡು ಸಿದ್ಧವಾದದ್ದು ಮೆಕ್ಲಿಂಟಾಕ್ ಅವರ ಮನೆಯ ಒಂದು ದುಂಡು ಮೇಜಿನ ಮೇಲೆ.

ಆ ಘೋಷಣೆಯನ್ನು ಕನ್ನಡದಲ್ಲಿ ಓದುವವರು ಒಂದು ಮಾತನ್ನು ಗಮನಿಸಬೇಕು. ಅದನ್ನು 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಅಚ್ಚಿನಲ್ಲಿಯೇ ಎರಕ ಹೊಯ್ಯಲಾಗಿದೆ. ನಮ್ಮ ಅನೇಕ ಟಿಪ್ಪಣಿಗಳಲ್ಲಿ 1776ರ ವಾಕ್ಯವು ‘ಎಲ್ಲ ಮನುಷ್ಯರೂ ಸಮಾನರು’ ಎಂದಿರುತ್ತದೆ. ಕನ್ನಡದ ‘ಮನುಷ್ಯರು’ ಎಂಬ ಪದದಲ್ಲಿ ಹೆಣ್ಣೂ ಸೇರಿರುವುದರಿಂದ 1848ರಲ್ಲಿ ಹೊಸದಾಗಿ ಏನನ್ನು ಸೇರಿಸಿದರು ಎಂಬುದು ನಮಗೆ ಕಾಣುವುದೇ ಇಲ್ಲ. ಮೂಲದಲ್ಲಿದ್ದ ‘ಮೆನ್’ ಎಂಬ ಇಂಗ್ಲಿಷ್ ಪದಕ್ಕೆ ‘ಪುರುಷರು’ ಎಂಬ ಅರ್ಥವೂ ಇದೆ. ಅದರ ಪಕ್ಕದಲ್ಲಿ ‘ಮತ್ತು ಸ್ತ್ರೀಯರು’ ಎಂದು ಬರೆದದ್ದೇ ಕರಡು ಸಿದ್ಧಪಡಿಸಿದವರ ದಿಟ್ಟತನ. ಮುಂದೆ 1776ರಲ್ಲಿ ದೊರೆ ಮೂರನೆಯ ಜಾರ್ಜನ ಮೇಲೆ ‘ಅವನು ಹೀಗೆ ಮಾಡಿದ್ದಾನೆ’ ಎಂದು ಸಾಲುಸಾಲಾಗಿ ದೂರು ಹೇಳಿದ್ದ ಜಾಗದಲ್ಲಿ 1848ರ ‘ಅವನು’ ಪುರುಷನಾಗುತ್ತಾನೆ.

ಇನ್ನು ನಾನು ಎಡವಿದ ಹೆಜ್ಜೆ. ವಿವಾಹಿತ ಸ್ತ್ರೀಯು ಕಾನೂನಿನ ಕಣ್ಣಿನಲ್ಲಿ ಸತ್ತಂತೆಯೇ ಎಂದೂ, ಆಸ್ತಿಯ ಹಕ್ಕನ್ನೆಲ್ಲ, ದುಡಿದ ಕೂಲಿಯನ್ನು ಸಹ, ಪುರುಷನು ಅವಳಿಂದ ಕಸಿದುಕೊಂಡಿದ್ದಾನೆ ಎಂದೂ ಘೋಷಣೆ ದೂರುತ್ತದೆ. ಆದರೆ ಅದೇ ವರ್ಷದ ಏಪ್ರಿಲ್‌ನಲ್ಲಿ, ಅಂದರೆ ಸಮಾವೇಶಕ್ಕೆ ಮೂರು ತಿಂಗಳು ಮೊದಲೇ, ಅದೇ ನ್ಯೂಯಾರ್ಕ್ ರಾಜ್ಯದಲ್ಲಿ ವಿವಾಹಿತ ಮಹಿಳೆಯರ ಆಸ್ತಿ ಕಾಯಿದೆ ಜಾರಿಯಾಗಿತ್ತು. ಹಕ್ಕು ಕೊಟ್ಟ ಮೇಲೂ ದೂರು ಏಕೆ? ಘೋಷಣೆ ಇಡೀ ದೇಶದ ಸ್ಥಿತಿಯನ್ನು ಕುರಿತದ್ದು ಎಂಬ ಉತ್ತರ ಸರಿಯೇ, ಆದರೆ ಅಷ್ಟಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ.

ಉತ್ತರ ಹೊಳೆದದ್ದು ನಮ್ಮ ಪಕ್ಕದ ಮನೆಯ ಅಕ್ಕನನ್ನು ಕಂಡಾಗ. ಅವರು ಮಂಡಕ್ಕಿ ಭಟ್ಟಿಯಲ್ಲಿ ಜರಡಿ ಹಿಡಿದು, ಚೀಲ ತುಂಬುವ ಕೆಲಸ ಮಾಡುತ್ತಾರೆ. ಬಟವಾಡೆಯ ದಿನ ನೋಟುಗಳನ್ನು ಎರಡು ಸಲ ಎಣಿಸಿ, ಮಡಚಿ, ಎಲೆಯಡಿಕೆಯ ಚೀಲದೊಳಗೆ ಇಡುತ್ತಾರೆ. ಅವರ ಕಿವಿಯಲ್ಲಿ ತವರಿನವರು ಮದುವೆಯಲ್ಲಿ ಕೊಟ್ಟ ಬೆಂಡೋಲೆಗಳಿವೆ. ಈಗ ಅವರನ್ನು 1848ರ ನ್ಯೂಯಾರ್ಕಿನಲ್ಲಿ ನಿಲ್ಲಿಸಿ ನೋಡೋಣ. ಹಳೆಯ ಕಾನೂನಿನ ಪ್ರಕಾರ ಮದುವೆಯಾದ ಕೂಡಲೇ ಬೆಂಡೋಲೆಯೂ ಗಂಡನದು, ಬಟವಾಡೆಯೂ ಗಂಡನದು. ಏಪ್ರಿಲ್‌ನ ಕಾಯಿದೆಯು ಬೆಂಡೋಲೆಯನ್ನು ಮಾತ್ರ ಬಿಡಿಸಿಕೊಟ್ಟಿತು: ಮದುವೆಗೆ ತಂದದ್ದು, ಉಡುಗೊರೆಯಾಗಿಯೋ ವಾರಸುದಾರಿಕೆಯಿಂದಲೋ ಬಂದದ್ದು ಆಕೆಯ ಸ್ವಂತ ಸ್ವತ್ತಾಯಿತು. ಎಲೆಯಡಿಕೆಯ ಚೀಲದೊಳಗಿನ ನೋಟುಗಳನ್ನು ಆ ಕಾಯಿದೆ ಮುಟ್ಟಲಿಲ್ಲ. ಹೆಂಡತಿ ಬೆವರು ಸುರಿಸಿ ಗಳಿಸಿದ ಕೂಲಿ ಗಂಡನದಾಗಿಯೇ ಉಳಿಯಿತು. ಸಂಕ್ಷೇಪವಾಗಿ ಹೇಳಬೇಕೆಂದರೆ, 1848ರ ಕಾಯಿದೆ ತವರಿನಿಂದ ಬಂದದ್ದಕ್ಕೆ, ದುಡಿಮೆಯಿಂದ ಬಂದದ್ದಕ್ಕಲ್ಲ. ತವರಿನಿಂದ ತರಲು ಏನೂ ಇಲ್ಲದ ಬಡ ಹೆಣ್ಣುಮಕ್ಕಳಿಗೆ ಅದರಿಂದ ಬಹುಮಟ್ಟಿಗೆ ಏನೂ ದಕ್ಕಲಿಲ್ಲ ಎಂದೇ ನನ್ನ ತಿಳಿವಳಿಕೆ.

ಇದನ್ನು ಅಕ್ಕನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: “ಹಂಗಾದ್ರೆ ಆ ದುಡ್ಡು ಆಕಿ ಕೈಗೆ ಯಾವಾಗ ಬಂತವ್ವಾ?” 1860ರಲ್ಲಿ. ಆ ವರ್ಷದ ಹೊಸ ಕಾಯಿದೆಯು ಹೆಂಡತಿಯ ಗಳಿಕೆಯನ್ನು ಆಕೆಗೇ ಬಿಟ್ಟುಕೊಟ್ಟಿತು. ಏಪ್ರಿಲ್ 1848, ಜುಲೈ 1848, 1860: ಈ ಮೂರನ್ನು ಇದೇ ಕ್ರಮದಲ್ಲಿ ನೆನಪಿಟ್ಟುಕೊಂಡರೆ ಗೊಂದಲವಾಗುವುದಿಲ್ಲ. ಪರೀಕ್ಷೆಯಲ್ಲಿ ಹೋಲಿಕೆಯ ಪ್ರಶ್ನೆ ಬಂದರೆ ನಮ್ಮ ನೆಲದ್ದನ್ನೂ ಬರೆಯಬಹುದು. ದಾವಣಗೆರೆ ಅಂದು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಹಿಂದೂ ಮಹಿಳೆಯರ ಆಸ್ತಿಯ ಹಕ್ಕನ್ನು ವಿಸ್ತರಿಸಿದ ಕಾನೂನು ಆ ಸಂಸ್ಥಾನದಲ್ಲಿ 1933ರಲ್ಲಿಯೇ ಬಂದಿತ್ತು, ಬ್ರಿಟಿಷ್ ಭಾರತದ 1937ರ ಕಾಯಿದೆಗಿಂತ ಮೊದಲು.

ಸಮಾವೇಶದ ಒಂಬತ್ತನೆಯ ನಿರ್ಣಯದ, ಅಂದರೆ ಮತದಾನದ ನಿರ್ಣಯದ, ವಿಷಯದಲ್ಲಿಯೂ ಎಚ್ಚರ ಬೇಕು. ಘೋಷಣೆ ಬೇರೆ, ನಿರ್ಣಯಗಳು ಬೇರೆ. ಮತದಾನದ ಹಕ್ಕನ್ನು ನಿರಾಕರಿಸಲಾಗಿದೆ ಎಂಬ ದೂರು ಘೋಷಣೆಯಲ್ಲಿದೆ. ಆ ಹಕ್ಕನ್ನು ಪಡೆಯುವುದು ಸ್ತ್ರೀಯರ ಕರ್ತವ್ಯ ಎಂಬ ಸಂಕಲ್ಪ ನಿರ್ಣಯದಲ್ಲಿದೆ. ಘೋಷಣೆಗೆ 68 ಮಹಿಳೆಯರು, 32 ಪುರುಷರು, ಒಟ್ಟು 100 ಜನ ಸಹಿ ಹಾಕಿದರು. ಮತದಾನದ ನಿರ್ಣಯವೊಂದೇ ಸರ್ವಾನುಮತ ಪಡೆಯಲಿಲ್ಲ. ಉಳಿದ ಬೇಡಿಕೆಗಳೂ ನಗೆಪಾಟಲಾದಾವು ಎಂಬ ಅಳುಕು ಸಭೆಯಲ್ಲಿತ್ತು. ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದಿದ್ದ ಫ್ರೆಡರಿಕ್ ಡಗ್ಲಾಸ್ ಅವರು ಸ್ಟ್ಯಾಂಟನ್ ಪರವಾಗಿ ಎದ್ದು ಮಾತನಾಡಿದ ಮೇಲೆ ಅದು ಅಂಗೀಕಾರವಾಯಿತು. ಸಮಾವೇಶದ ವರದಿ ಅಚ್ಚಾದದ್ದೂ ರಾಚೆಸ್ಟರ್‌ನಲ್ಲಿದ್ದ ಅವರ ಪತ್ರಿಕೆಯ ಮುದ್ರಣಾಲಯದಲ್ಲಿಯೇ. ಎರಡನೆಯ ದಿನದ ಸಭೆಗೆ ಲುಕ್ರೀಷಿಯಾ ಅವರ ಪತಿ ಜೇಮ್ಸ್ ಮಾಟ್ ಅಧ್ಯಕ್ಷರಾಗಿದ್ದರು. ಗಂಡಸರೂ ಇರುವ ಸಭೆಗೆ ಹೆಣ್ಣು ಅಧ್ಯಕ್ಷೆಯಾಗಲು ಇನ್ನೂ ಎರಡು ವಾರ ಹಿಡಿಯಿತು: ಆಗಸ್ಟ್ 2ರಂದು ರಾಚೆಸ್ಟರ್ ಸಭೆಯಲ್ಲಿ ಅಬಿಗೈಲ್ ಬುಷ್ ಆ ಕುರ್ಚಿಯಲ್ಲಿ ಕುಳಿತರು.

ಮಹಿಳಾ ಮತದಾನದ ಹೋರಾಟಗಾರ್ತಿ ಸೂಸನ್ ಬಿ. ಆಂಥನಿ ಅವರ ಹೆಸರನ್ನು ಸೆನೆಕಾ ಫಾಲ್ಸ್ ಉತ್ತರದಲ್ಲಿ ಬರೆಯಬೇಡಿ. ಅವರು ಅಲ್ಲಿ ಇರಲಿಲ್ಲ, ಸ್ಟ್ಯಾಂಟನ್ ಅವರನ್ನು ಭೇಟಿಯಾದದ್ದೇ 1851ರಲ್ಲಿ. ಈ ತಪ್ಪಿಗೆ ಸ್ಮಾರಕಗಳೂ ಒಂದು ಕಾರಣವಿರಬಹುದು. ಅಮೆರಿಕದ ಸಂಸತ್ ಭವನದಲ್ಲಿ 1921ರಲ್ಲಿ ಸಮರ್ಪಿಸಿದ ಅಮೃತಶಿಲೆಯ ಶಿಲ್ಪದಲ್ಲಿ ಮಾಟ್, ಸ್ಟ್ಯಾಂಟನ್ ಮತ್ತು ಆಂಥನಿ ಒಟ್ಟಿಗೆ ಇದ್ದಾರೆ. ಅದನ್ನು ಕೂಡಲೇ ಕೆಳಗಿನ ನೆಲೆಗೆ ಇಳಿಸಿಬಿಟ್ಟರು. ಗುಮ್ಮಟದ ಸಭಾಂಗಣಕ್ಕೆ ಮರಳಿ ಬಂದದ್ದು 1997ರಲ್ಲಿ. ನನಗೆ ಹೆಚ್ಚು ನ್ಯಾಯವಾಗಿ ಕಾಣುವುದು ಸೆನೆಕಾ ಫಾಲ್ಸ್‌ನ ರಾಷ್ಟ್ರೀಯ ಐತಿಹಾಸಿಕ ಉದ್ಯಾನದ ಗೌರವ. 1980ರಲ್ಲಿ ಸ್ಥಾಪನೆಯಾದ ಆ ಉದ್ಯಾನದಲ್ಲಿ ನೀರು ಹರಿಯುವ ಗೋಡೆಯೊಂದರ ಮೇಲೆ ಘೋಷಣೆಯ ಜೊತೆಗೆ ಸಹಿ ಹಾಕಿದವರ ಹೆಸರುಗಳನ್ನೆಲ್ಲ ಕೊರೆದಿದ್ದಾರೆ.

ಆ ನೂರು ಹೆಸರುಗಳಲ್ಲಿ ಷಾರ್ಲೆಟ್ ವುಡ್‌ವರ್ಡ್ ಎಂಬುದೂ ಒಂದು. ಮನೆಯಲ್ಲಿ ಕುಳಿತು ಕೈಗವಸು ಹೊಲಿಯುತ್ತಿದ್ದ, ಇಪ್ಪತ್ತೂ ತುಂಬದ ಹುಡುಗಿ. ಹೊಲಿದು ಗಳಿಸಿದ ಪುಡಿಗಾಸು ತನ್ನದಾಗುತ್ತಿರಲಿಲ್ಲ ಎಂಬ ಸಂಕಟವೇ ಆಕೆಯನ್ನು ಚಾಪೆಲ್‌ಗೆ ಕರೆತಂದಿತ್ತು. 1920ರಲ್ಲಿ ಸಂವಿಧಾನದ 19ನೆಯ ತಿದ್ದುಪಡಿಯ ಮೂಲಕ ಮತದಾನದ ಹಕ್ಕು ಬಂದಾಗ ಸಹಿ ಹಾಕಿದವರಲ್ಲಿ ಬದುಕಿದ್ದವರು ಅವರೊಬ್ಬರೇ. ಅನಾರೋಗ್ಯದಿಂದಾಗಿ ಅವರು ಮತ ಹಾಕಲು ಹೋಗಲಾಗಲಿಲ್ಲ.