ಮಿದುಳಿನಲ್ಲಿ ಆತ್ಮ ಹುಡುಕಿದ ಗಣಿ ಅಧಿಕಾರಿ

ದಿನಾ ದೇವದೂತರ ಜೊತೆ ಮಾತಾಡ್ತೀನಿ ಅಂತ ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗುತ್ತೇವೆ, ಅಲ್ವಾ? ಆದರೆ ಹಾಗೆ ಹೇಳಿದ ಎಮಾನ್ಯುಯೆಲ್ ಸ್ವೀಡನ್‌ಬೋರ್ಗ್ ಸುಮಾರು 30 ವರ್ಷ ಸ್ವೀಡನ್ನಿನ ಗಣಿ ಇಲಾಖೆಯಲ್ಲಿದ್ದವನು. ಕಬ್ಬಿಣ, ತಾಮ್ರ ಕರಗಿಸುವ ಬಗೆಯನ್ನು 1734ರಲ್ಲಿ ದಪ್ಪ ಸಂಪುಟಗಳಲ್ಲಿ ಬರೆದವನು. ಅವನನ್ನು ಏನೆಂದು ಕರೆಯಬೇಕು ಅನ್ನೋ ಜಗಳ ಇನ್ನೂ ಮುಗಿದಿಲ್ಲ.

ಹುಟ್ಟಿದ್ದು 1688ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ. ತಂದೆ ಮುಂದೆ ಬಿಷಪ್ ಆದರು. ಮಗನಿಗೆ ಮಾತ್ರ ಗಣಿತ, ಯಂತ್ರಗಳ ಹುಚ್ಚು. ಹಾರುವ ಯಂತ್ರದ ನಕ್ಷೆಯನ್ನೂ ಬರೆದ. ಆಮೇಲೆ ಹಿಡಿದದ್ದು ಅಂಗರಚನೆ, ಅದೂ ಆತ್ಮ ದೇಹದಲ್ಲಿ ಎಲ್ಲಿದೆ ಅಂತ ಪತ್ತೆ ಮಾಡೋಕೆ! ಕೈಕಾಲಿನ ಚಲನೆಯನ್ನು ನಡೆಸುವುದು ಮಿದುಳಿನ ಹೊರಪದರ ಎಂದು ಆಗಲೇ ಊಹಿಸಿದ್ದ. ಆ ಬರಹ ಅಚ್ಚಾಗದೆ ಉಳಿಯಿತು, ವಿಜ್ಞಾನ ಅಲ್ಲಿಗೆ ತಲುಪಿದ್ದು 19ನೇ ಶತಮಾನದಲ್ಲಿ.

1744ರ ಈಸ್ಟರ್ ಹೊತ್ತಿಗೆ ಕ್ರಿಸ್ತನ ದರ್ಶನವಾಯಿತು ಎಂದು ಕನಸುಗಳ ದಿನಚರಿಯಲ್ಲಿ ಬರೆದುಕೊಂಡ. 1747ರಲ್ಲಿ ಕೆಲಸ ಬಿಟ್ಟ. ಮುಂದಿನದೆಲ್ಲ ಧರ್ಮದ ಬರವಣಿಗೆ, ಲ್ಯಾಟಿನ್‌ನಲ್ಲಿ, ಬಹಳ ಕಾಲ ಹೆಸರೂ ಹಾಕದೆ. ಸ್ವರ್ಗದಲ್ಲಿ ಮನೆ, ಬೀದಿ, ಬಟ್ಟೆ, ಮದುವೆ ಎಲ್ಲ ಇವೆಯಂತೆ. ದೇವರು ಯಾರನ್ನೂ ನರಕಕ್ಕೆ ತಳ್ಳುವುದಿಲ್ಲ, ಮನುಷ್ಯ ತನಗೆ ಬೇಕಾದ್ದನ್ನೇ ಹುಡುಕಿಕೊಂಡು ಅಲ್ಲಿಗೆ ಹೋಗುತ್ತಾನೆ ಎಂಬುದು ಅವನ ವಾದ. ಓದಿದರೆ ಗಣಿ ತಪಾಸಣೆಯ ವರದಿಯ ಹಾಗೇ ಇದೆ, ಆವೇಶ ಕಡಿಮೆ, ವಿವರ ಜಾಸ್ತಿ. ವಿಜ್ಞಾನಿ ಸತ್ತು ಸಂತ ಹುಟ್ಟಿದ ಅನ್ನುವ ಕಥೆಯನ್ನು ನಾನು ಅದಕ್ಕೇ ನಂಬುವುದಿಲ್ಲ. ಪ್ರಶ್ನೆ ಅದೇ ಇತ್ತು, ಹುಡುಕುವ ಜಾಗ ಬದಲಾಯಿತು ಅಷ್ಟೇ.

1759ರಲ್ಲಿ ಗೊಟೆನ್‌ಬರ್ಗ್‌ನಲ್ಲಿ ಊಟಕ್ಕೆ ಹೋಗಿದ್ದಾಗ, ಸುಮಾರು 400 ಕಿ.ಮೀ. ದೂರದ ಸ್ಟಾಕ್‌ಹೋಮ್‌ನಲ್ಲಿ ಬೆಂಕಿ ಹತ್ತಿದೆ ಎಂದನಂತೆ. ಆ ಬೆಂಕಿ ನಿಜ, ಆದರೆ ಈ ಮಾತಿನ ಕಥೆ ನಮಗೆ ಬಂದದ್ದು ಕೇಳಿದವರ ಬಾಯಿಂದ. ತತ್ವಜ್ಞಾನಿ ಕಾಂಟ್ ಪರಿಚಿತನೊಬ್ಬನ ಮೂಲಕ ವಿಚಾರಿಸಿದ, ದುಡ್ಡು ಕೊಟ್ಟು ಸ್ವೀಡನ್‌ಬೋರ್ಗ್‌ನ ಎಂಟು ಸಂಪುಟ ತರಿಸಿಕೊಂಡ, ಕೊನೆಗೆ 1766ರಲ್ಲಿ ಚೆನ್ನಾಗಿ ಲೇವಡಿ ಮಾಡಿ ಒಂದು ಪುಸ್ತಕವನ್ನೇ ಬರೆದ. ಲೇವಡಿ ಮಾಡೋಕೆ ಇಷ್ಟು ಖರ್ಚು ಯಾಕೆ ಅಂತ ಕೇಳಬಾರದು! ಸ್ವೀಡನ್ನಿನ ಚರ್ಚು ಗೊಟೆನ್‌ಬರ್ಗ್‌ನ ಅವನ ಇಬ್ಬರು ಅನುಯಾಯಿಗಳ ಮೇಲೆ ಧರ್ಮದ್ರೋಹದ ವಿಚಾರಣೆ ಹೂಡಿತು.

ಆತ 1772ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ತಾನಾಗಿ ಯಾವ ಪಂಥವನ್ನೂ ಕಟ್ಟಲಿಲ್ಲ. 1787ರಲ್ಲಿ ಓದುಗರೇ 'ಹೊಸ ಚರ್ಚ್' ಕಟ್ಟಿದರು. ಅದು ಚಿಕ್ಕದಾಗಿಯೇ ಉಳಿಯಿತು, ಪ್ರಭಾವ ಹರಡಿದ್ದು ಬೇರೆ ದಾರಿಯಲ್ಲಿ. ಕವಿ ವಿಲಿಯಂ ಬ್ಲೇಕ್ 1789ರಲ್ಲಿ ಆ ಚರ್ಚಿನವರ ಸಭೆಗೆ ಹೋಗಿ, ಸ್ವಲ್ಪ ಸಮಯದಲ್ಲೇ ಮುನಿಸಿಕೊಂಡು ಗೇಲಿ ಮಾಡಿದ. ಅಮೆರಿಕದಲ್ಲಿ ಸೇಬಿನ ಸಸಿ ಬೆಳೆಸುತ್ತಾ ತಿರುಗಿದ ಜಾನ್ ಚಾಪ್‌ಮನ್, ಸಸಿಗಳ ಜೊತೆಗೆ ಸ್ವೀಡನ್‌ಬೋರ್ಗ್‌ನ ಬರಹಗಳನ್ನೂ ಹಂಚಿದ. ಹೆಲೆನ್ ಕೆಲರ್ 1927ರಲ್ಲಿ ಇದೇ ತನ್ನ ಧರ್ಮ ಎಂದು ಪುಸ್ತಕ ಬರೆದರು. ಅದಕ್ಕೂ ಮೊದಲೇ, 1910ರಲ್ಲಿ, ಇವನ ಸ್ವರ್ಗ-ನರಕದ ಪುಸ್ತಕವನ್ನು ಜಪಾನೀ ಭಾಷೆಗೆ ತಂದದ್ದು ಝೆನ್ ವಿದ್ವಾಂಸ ಡಿ. ಟಿ. ಸುಜುಕಿ.