ಪದ ಪರಿಚಯ: ಇಟಾಲಿಯನೇಟ್ ನದೀದೃಶ್ಯ

17ನೇ ಶತಮಾನದ ಡಚ್ ಭೂದೃಶ್ಯ ಚಿತ್ರಗಳ ವಿವರಣೆಯಲ್ಲಿ ‘ಇಟಾಲಿಯನೇಟ್’ ಎಂಬ ವಿಶೇಷಣ ಮತ್ತೆ ಮತ್ತೆ ಎದುರಾಗುತ್ತದೆ. ಕಲಾವಿದ ಇಟಲಿಯವನು ಎಂದಾಗಲಿ, ಚಿತ್ರದಲ್ಲಿರುವ ಹೊಳೆ ಇಟಲಿಯದೇ ಎಂದಾಗಲಿ ಅದರ ಅರ್ಥವಲ್ಲ. ಬೆಟ್ಟವೆಂಬುದೇ ಅಪರೂಪವಾದ, ಮೋಡ ಕವಿದ ನಾಡಿನ ಕಲಾವಿದರು ರೋಮ್ ಸುತ್ತಲಿನ ಬಯಲಿನ ಹೊಂಬಿಸಿಲನ್ನೂ ಅದರೊಡನೆ ಬರುವ ಗುಡ್ಡ, ಎತ್ತರದ ಮರ, ದನಗಾಹಿಗಳನ್ನೂ ತಮ್ಮ ಚಿತ್ರಗಳಿಗೆ ಒಗ್ಗಿಸಿಕೊಂಡ ರೀತಿಗೆ ಈ ಹೆಸರು.

ಇದೇ ಕಾಲದ ಡಚ್ ಕಲಾವಿದ ಯಾನ್ ವಾನ್ ಗೋಯೆನ್ ಬರೆದ ನದಿಯ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅವನಲ್ಲಿ ದಿಗಂತ ತೀರ ಕೆಳಗಿರುತ್ತದೆ, ಮೇಲೆಲ್ಲ ಆಕಾಶ, ಬಣ್ಣಗಳು ಬೂದು ಮತ್ತು ಕಂದು. ಇಟಾಲಿಯನೇಟ್ ಚಿತ್ರದಲ್ಲಾದರೋ ಸೂರ್ಯ ಚೌಕಟ್ಟಿನಾಚೆ ಎಲ್ಲೋ ಇಳಿದಿದ್ದು, ಬೆಳಕು ಒಂದು ಬದಿಯಿಂದ ಓರೆಯಾಗಿ ಹರಿದು ಬಂದು ನೆರಳುಗಳನ್ನು ಉದ್ದಕ್ಕೆ ಚಾಚುತ್ತದೆ. ಈ ಮಾದರಿಯನ್ನು ಗಟ್ಟಿಗೊಳಿಸಿದವರಲ್ಲಿ ಮುಖ್ಯನಾದವನು ಯೂಟ್ರೆಕ್ಟ್‌ನ ಯಾನ್ ಬೋತ್. ರೋಮ್‌ನಲ್ಲಿ ಕೆಲವು ವರ್ಷವಿದ್ದು 1640ರ ದಶಕದ ಆರಂಭದಲ್ಲಿ ಊರಿಗೆ ಮರಳಿದ ಅವನು, ರೋಮ್‌ನಲ್ಲಿದ್ದ ಫ್ರೆಂಚ್ ಭೂದೃಶ್ಯ ಕಲಾವಿದ ಕ್ಲೋಡ್ ಲೊರೇನ್‌ನ ಬೆಳಕನ್ನು ಪುರಾಣದ ಕಥೆಗಳಿಂದ ಬಿಡಿಸಿ ಹೇಸರಗತ್ತೆ ಹೊಡೆದುಕೊಂಡು ಹೋಗುವ ಸಾಮಾನ್ಯರ ಮೇಲೆ ಬೀಳುವಂತೆ ಮಾಡಿದ.

ಆದರೆ ಈ ಪದದ ನಿಜವಾದ ಪರೀಕ್ಷೆ ಇಟಲಿಯನ್ನು ಕಾಣದೆಯೇ ಅದನ್ನು ಸಾಧಿಸಿದ ಡೋರ್ಡ್ರೆಕ್ಟ್‌ನ ಆಲ್ಬರ್ಟ್ ಕೌಪ್‌ನಲ್ಲಿದೆ (1620–1691). ಮೊದಲು ವಾನ್ ಗೋಯೆನ್‌ನ ದಾರಿಯಲ್ಲಿದ್ದ ಅವನು ಬೋತ್‌ನ ಚಿತ್ರಗಳಿಂದ ದಕ್ಷಿಣದ ಬೆಳಕನ್ನು ಕಲಿತ. ಗುಡ್ಡಗಳನ್ನು ರೈನ್ ನದಿಯ ಗುಂಟ ಇಂದಿನ ಜರ್ಮನಿಯಲ್ಲಿರುವ ಕ್ಲೀವ್ ಕಡೆಗೆ ಹೋದಾಗ ಬರೆದುಕೊಂಡ ರೇಖಾಚಿತ್ರಗಳಿಂದ ಎತ್ತಿಕೊಂಡ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, ಸುಮಾರು 1658–60ರ ಅವನ ‘ಕುದುರೆ ಸವಾರ ಮತ್ತು ರೈತರಿರುವ ನದೀದೃಶ್ಯ’ ಎರಡು ಮೀಟರಿಗಿಂತ ಅಗಲವಾದ ಕ್ಯಾನ್ವಾಸು. ದೂರದ ಬೆಟ್ಟಗಳು ಬಿಸಿಲಿನ ಮಂಜಿನಲ್ಲಿ ಅರ್ಧ ಕರಗಿವೆ. ಮುಂಭಾಗದ ಎಲೆಗಳ ಮತ್ತು ದನಗಳ ಬೆನ್ನಿನ ಅಂಚಿಗೆ ಮಾತ್ರ ಹಳದಿ ಬಣ್ಣದ ತೆಳ್ಳನೆಯ ಗೆರೆ ತಾಗಿದೆ. ಹಿಂದಿನಿಂದ ಬೀಳುವ ಬೆಳಕನ್ನು ನಾವು ನಂಬುವುದು ಇಷ್ಟು ಸಣ್ಣ ಗೆರೆಗಳ ಬಲದಿಂದ. ಪೊದೆಯ ಮರೆಯಲ್ಲಿ ಬೇಟೆಗಾರನೊಬ್ಬ ನೀರಹಕ್ಕಿಗಳಿಗೆ ಗುರಿಯಿಟ್ಟು ಕೂತಿದ್ದಾನೆ, ಅವನನ್ನು ಬಹುಮಂದಿ ಗಮನಿಸುವುದು ತಡವಾಗಿ. ದನಗಳಂತೂ ಅಪ್ಪಟ ಡಚ್ ದನಗಳು. ಹಾಗಾಗಿ ಬೆಳಕಿನ ಮಟ್ಟಿಗೆ ಒಪ್ಪುವ ಈ ಹಣೆಪಟ್ಟಿ ಕೌಪ್‌ನ ಇಡೀ ಚಿತ್ರಕ್ಕೆ ಒಪ್ಪುವುದಿಲ್ಲ ಎಂದೇ ನನಗನಿಸುತ್ತದೆ.

18ನೇ ಶತಮಾನದಲ್ಲಿ ಇಂಗ್ಲೆಂಡಿನ ಶ್ರೀಮಂತರು ಕೌಪ್‌ಗಾಗಿ ಮುಗಿಬಿದ್ದರು. ಅವನ ಹಲವು ಮುಖ್ಯ ಚಿತ್ರಗಳು ಇಂದಿಗೂ ಬ್ರಿಟನ್ನಿನಲ್ಲಿರುವುದಕ್ಕೆ ಇದೇ ಕಾರಣ. ಬೋತ್ ಮತ್ತು ಇದೇ ರೀತಿಯ ಇನ್ನೊಬ್ಬ ಡಚ್ ಕಲಾವಿದ ನಿಕೊಲಾಸ್ ಬೆರ್ಕೆಮ್‌ರಿಗೆ ಮಾತ್ರ ಮುಂದೆ ಕೆಟ್ಟ ಕಾಲ ಬಂತು. ತನ್ನ ನಾಡಿನ ಹೊಲ, ಕಾಲುವೆಗಳನ್ನೇ ನೆಚ್ಚಿದ್ದ ಇಂಗ್ಲಿಷ್ ಭೂದೃಶ್ಯ ಕಲಾವಿದ ಜಾನ್ ಕಾನ್‌ಸ್ಟೇಬಲ್ ತನ್ನ ಉಪನ್ಯಾಸಗಳಲ್ಲಿ ಇಬ್ಬರನ್ನೂ ಕಟುವಾಗಿ ಜರೆದ. ಸ್ವಂತ ನೆಲವನ್ನು ಬರೆದವರೇ ನಿಜವಾದ ಡಚ್ಚರೆಂಬ ಅಭಿಪ್ರಾಯ ಬಲವಾದಂತೆ ಈ ಪಂಥ ಬದಿಗೆ ಸರಿಯಿತು. ಅದನ್ನು ಮತ್ತೆ ಗಂಭೀರ ಅಧ್ಯಯನಕ್ಕೆ ಒಳಪಡಿಸಿದ್ದು, ಬೋತ್‌ನ ಊರಾದ ಯೂಟ್ರೆಕ್ಟ್‌ನಲ್ಲಿಯೇ 1965ರಲ್ಲಿ ನಡೆದ ಪ್ರದರ್ಶನ.