ಪ್ಯಾಂಕ್ರಿಯಾಸ್ ಕಸಿ: ಫಲಿತಾಂಶ ಏರಿತು, ಸಂಖ್ಯೆ ಯಾಕೆ ಇಳಿಯಿತು?

“ಡಾಕ್ಟ್ರೇ, ಕಿಡ್ನಿ ಹೇಗೂ ಹಾಕ್ತೀರಿ. ಜೊತೆಗೆ ಪ್ಯಾಂಕ್ರಿಯಾಸೂ ಹಾಕಿಬಿಟ್ರೆ ಶುಗರ್ ಕಾಟವೂ ತಪ್ಪುತ್ತೆ ಅಲ್ವಾ?” ಡಯಾಲಿಸಿಸ್‌ನಲ್ಲಿದ್ದ ಟೈಪ್ 1 ಮಧುಮೇಹಿಯೊಬ್ಬರು ಕೇಳಿದ್ದು. ತಪ್ಪುತ್ತದೆ, ನಿಜ. ಆದರೆ ಪ್ಯಾಂಕ್ರಿಯಾಸ್, ಅಂದರೆ ಮೇದೋಜ್ಜೀರಕ ಗ್ರಂಥಿ, ಕಿಡ್ನಿಯಷ್ಟು ಸಾಧು ಅಂಗ ಅಲ್ಲ. ಥೇಟ್ ಮುಟ್ಟಿದರೆ ಮುನಿ.

ದಾನಿಯಿಂದ ತೆಗೆದ ಗ್ರಂಥಿ ಸಣ್ಣಕರುಳಿನ ಮೊದಲ ತುಂಡಿನ ಸಮೇತ ಬರುತ್ತದೆ. ಮಂಜುಗಡ್ಡೆಯ ಮೇಲಿಟ್ಟು ಸುತ್ತಲಿನ ಕೊಬ್ಬು ಬಿಡಿಸಬೇಕು, ಸಣ್ಣ ಸಣ್ಣ ರಕ್ತನಾಳಗಳಿಗೆ ಒಂದೊಂದಾಗಿ ಗಂಟು ಹಾಕಬೇಕು. ಇದಕ್ಕೆ ಎರಡು ಅಪಧಮನಿ. ಅದೇ ದಾನಿಯ ಸೊಂಟದ ಭಾಗದಿಂದ ತೆಗೆದ ಕವಲು ನಾಳ ಹೊಲಿದು ಎರಡನ್ನೂ ಒಂದು ಬಾಯಿಗೆ ತರುತ್ತೇವೆ. ಆಮೇಲೆ ರೋಗಿಯ ಕೆಳಹೊಟ್ಟೆಯ ಬಲಭಾಗಕ್ಕೆ ಜೋಡಣೆ. ಹಳೆಯದನ್ನು ತೆಗೆಯುವುದಿಲ್ಲ, ಜೀರ್ಣರಸಕ್ಕೆ ಅದಿನ್ನೂ ಬೇಕು. ರಕ್ತನಾಳ ಹಿಡಿದಿಟ್ಟ ಕ್ಲ್ಯಾಂಪ್ ಬಿಟ್ಟಾಗ ಬಿಳಿಚಿಕೊಂಡಿದ್ದ ಗ್ರಂಥಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇನ್ಸುಲಿನ್ ಡ್ರಿಪ್ ಕಮ್ಮಿ ಮಾಡುತ್ತಾ ಹೋಗಿ ಕೊನೆಗೆ ನಿಲ್ಲಿಸುತ್ತೇವೆ. ಇಪ್ಪತ್ತು ವರ್ಷ ಸೂಜಿ ಚುಚ್ಚಿಕೊಂಡವರ ಶುಗರ್ ಬೆಳಗಾಗುವಷ್ಟರಲ್ಲಿ 110 ತೋರಿಸಿದರೆ ಐಸಿಯು ನರ್ಸ್ ಇನ್ನೊಮ್ಮೆ ಚುಚ್ಚಿ ನೋಡುತ್ತಾರೆ!

ಹೊಸ ಗ್ರಂಥಿಯ ಜೀರ್ಣರಸ ಎಲ್ಲಿಗೆ ಹೋಗಬೇಕು? ಮೊದಲು ಮೂತ್ರಕೋಶಕ್ಕೆ ಬಿಡುತ್ತಿದ್ದರು. ಮೂತ್ರದಲ್ಲಿ ಅಮೈಲೇಸ್ (ಗ್ರಂಥಿ ತಯಾರಿಸುವ ಜೀರ್ಣಕಿಣ್ವ) ಇಳಿದರೆ ದೇಹ ಅಂಗವನ್ನು ತಿರಸ್ಕರಿಸುತ್ತಿದೆ ಎಂಬ ಸುಳಿವು ಸಿಗುತ್ತಿತ್ತು. ಆದರೆ ವಿಪರೀತ ಉರಿ, ಜೊತೆಗೆ ರಕ್ತದ ಆಮ್ಲ ಹತೋಟಿಯಲ್ಲಿಡುವ ಬೈಕಾರ್ಬನೇಟ್ ನಷ್ಟ. 1990ರ ದಶಕದ ಮಧ್ಯದಿಂದ ಹೆಚ್ಚಿನವರು ಕರುಳಿಗೇ ಜೋಡಿಸುತ್ತಿದ್ದಾರೆ. ಮೊದಲ ವಾರದ ದೊಡ್ಡ ಭಯ ರಕ್ತ ಹೆಪ್ಪುಗಟ್ಟುವುದು.

1966ರ ಡಿಸೆಂಬರ್‌ನಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಸರ್ಜನ್‌ಗಳಾದ ಕೆಲಿ ಮತ್ತು ಲಿಲ್ಲಿಹೈ ಮೊದಲ ಪ್ಯಾಂಕ್ರಿಯಾಸ್ ಕಸಿ ಮಾಡಿದಾಗ ರೋಗಿ ಇನ್ಸುಲಿನ್ ಇಲ್ಲದೆ ಇದ್ದದ್ದು ಕೆಲವೇ ದಿನ. ಈಗ ಕಿಡ್ನಿ ಜೊತೆಗೇ ಹಾಕಿದರೆ, ವರ್ಷದ ಕೊನೆಗೆ ನೂರರಲ್ಲಿ ಸುಮಾರು 90 ಗ್ರಂಥಿಗಳು ಕೆಲಸ ಮಾಡುತ್ತಿರುತ್ತವೆ. ಒಬ್ಬನೇ ದಾನಿಯ ಕಿಡ್ನಿ ಕಾವಲುಗಾರನೂ ಹೌದು. ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ತ್ಯಾಜ್ಯ) ಏರಿದರೆ ಎರಡಕ್ಕೂ ಅಪಾಯ ಅಂತ ತಿಳಿಯುತ್ತದೆ. ಪ್ಯಾಂಕ್ರಿಯಾಸ್ ಒಂದನ್ನೇ ಹಾಕಿದರೆ ಆ ಕಾವಲು ಇಲ್ಲ, ಬಾಳಿಕೆಯೂ ಕಮ್ಮಿ.

ಇಷ್ಟಾದರೂ ಅಮೆರಿಕದಲ್ಲಿ 2004ರಲ್ಲಿ 1,500ರ ಹತ್ತಿರವಿದ್ದ ವಾರ್ಷಿಕ ಕಸಿಗಳ ಸಂಖ್ಯೆ 2015ರ ಹೊತ್ತಿಗೆ ಸಾವಿರದ ಕೆಳಗೆ ಇಳಿಯಿತು. ಇನ್ಸುಲಿನ್ ಪಂಪ್, ಶುಗರ್ ಅಳೆಯಲು ತೋಳಿಗೆ ಅಂಟಿಸುವ ಸೆನ್ಸರ್ ಬಂದವು. ದಾನಿಗಳ ವಯಸ್ಸು, ತೂಕ ಎರಡೂ ಜಾಸ್ತಿಯಾದವು. ಕೊಬ್ಬು ತುಂಬಿದ ಗ್ರಂಥಿಯನ್ನು ಯಾರೂ ಸುಮ್ನೆ ಒಪ್ಪಿಕೊಳ್ಳುವುದಿಲ್ಲ. ನನ್ನ ಕೇಳಿದರೆ ಇದರಲ್ಲಿ ಸೋಲೇನೂ ಇಲ್ಲ. ಪಂಪ್‌ನಲ್ಲೇ ಚೆನ್ನಾಗಿರುವವರಿಗೆ ದೇಹ ಅಂಗವನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್ ಮಾತ್ರೆಯನ್ನು ಜೀವನಪರ್ಯಂತ ನುಂಗಿಸುವುದು ಯಾಕೆ? ಲೋ ಶುಗರ್ ಆಗುವುದೇ ಗೊತ್ತಾಗದೆ ಪದೇ ಪದೇ ಪ್ರಜ್ಞೆ ತಪ್ಪುವವರ ಮಾತು ಬೇರೆ.

ಆವತ್ತು ಕೇಳಿದವರಿಗೆ ತಂಗಿಯ ಕಿಡ್ನಿ ಹೊಂದುತ್ತಿತ್ತು. ಪ್ಯಾಂಕ್ರಿಯಾಸ್‌ಗಾಗಿ ಮೆದುಳು ಸತ್ತ ದಾನಿ ಯಾವಾಗ ಸಿಗುತ್ತಾರೋ ಅಂತ ಡಯಾಲಿಸಿಸ್‌ನಲ್ಲೇ ಕಾಯುವುದು ಬೇಡ ಅಂದೆ. ಕಿಡ್ನಿ ಮಾತ್ರ ಹಾಕಿದೆವು, ಇನ್ಸುಲಿನ್ ಮುಂದುವರಿದಿದೆ. “ಪ್ಯಾಂಕ್ರಿಯಾಸ್ ಯಾವಾಗ?” ಅಂತ ಈಗಲೂ ಬಂದಾಗಲೆಲ್ಲ ಕೇಳುತ್ತಾರೆ.